ನಡೆಯುವ ಚುಕ್ಕಿಗೆ ಕಾಯುತ್ತಿದ್ದ ಸಂಜೆಗಳು

ಈಗಿನ ಮಕ್ಕಳಿಗೆ ಉಪಗ್ರಹವೆಂದರೆ ಮೊಬೈಲಿಗೆ ದಾರಿ ಹೇಳುವ, ಟೀವಿಗೆ ಕ್ರಿಕೆಟ್ ತರುವ, ಚಂಡಮಾರುತ ಎತ್ತ ಹೊರಟಿದೆ ಎಂದು ತಿಳಿಸುವ ಕಣ್ಣಿಗೆ ಕಾಣದ ಯಂತ್ರ. ಅದು ಎಲ್ಲಿದೆ, ಹೇಗೆ ಸುತ್ತುತ್ತದೆ, ನಮ್ಮ ತಲೆಯ ಮೇಲೆ ಎಷ್ಟು ಹೊತ್ತಿಗೆ ಹಾದುಹೋಗುತ್ತದೆ ಎಂದು ಅವರು ಕೇಳುವುದಿಲ್ಲ. ಕೇಳುವ ಅಗತ್ಯವೂ ಅವರಿಗೆ ಬಿದ್ದಿಲ್ಲ. ನಮ್ಮ ಕಾಲದಲ್ಲಿ ಇದು ಪೂರ್ತಿ ತಿರುವುಮುರುವಾಗಿತ್ತು. ಉಪಗ್ರಹದಿಂದ ನಮಗೆ ನಯಾಪೈಸೆಯ ಉಪಯೋಗವಿರಲಿಲ್ಲ, ಆದರೆ ಅದು ಕಣ್ಣಿಗೆ ಕಾಣುತ್ತಿತ್ತು. ಹೊಸದೊಂದು ಹಾರಿತು ಎಂದು ರೇಡಿಯೋದಲ್ಲಿ ಸುದ್ದಿ ಬಂದರೆ, ಆ ಸಂಜೆ ಅಂಗಳಕ್ಕೆ ಬಂದು ಕತ್ತೆತ್ತಿ ಕಾಯುವುದೇ ಒಂದು ಹಬ್ಬ. ಆ ಕಾಯುವಿಕೆ ನಮ್ಮ ಕಣ್ಣೆದುರಿಗೇ, ಯಾರ ಗಮನಕ್ಕೂ ಬಾರದೆ ಕಳೆದುಹೋಯಿತು.

ಅರಸೀಕೆರೆ ಸೀಮೆಯ ನಮ್ಮೂರು ತೆಂಗಿನ ತೋಟಗಳ ಊರು. ತೋಟದಾಚೆ ರಾಗಿ ಹೊಲ, ಹೊಲದ ಮಗ್ಗುಲಲ್ಲಿ ಕಣ. ಬೇಸಿಗೆ ಬಂತೆಂದರೆ ಮನೆಯೊಳಗೆ ಮಲಗುವವರೇ ಇಲ್ಲ. ಗಂಡಸರು ಕಣದಲ್ಲಿ, ಹೆಂಗಸರು ಜಗಲಿಯಲ್ಲಿ, ಮಕ್ಕಳು ಅಂಗಳದಲ್ಲಿ ಅಜ್ಜಿಯ ಕಂಬಳಿಯ ಸುತ್ತ. ಬೀದಿಯಲ್ಲಿ ಲೈಟುಕಂಬ ಇತ್ತು. ಅದರ ಬಲ್ಬು ಉರಿದ ದಿನಗಳಿಗಿಂತ ಆರಿದ ದಿನಗಳೇ ಹೆಚ್ಚು. ಹಾಗಾಗಿ ಕತ್ತಲಿಗೆ ಕೊರತೆ ಇರಲಿಲ್ಲ. ಏಪ್ರಿಲ್ ಕೊನೆಯ ವಾರ ರಾತ್ರಿ ಎಂಟರ ಹೊತ್ತಿಗೆ ಉತ್ತರದಲ್ಲಿ ಸಪ್ತರ್ಷಿ ಮಂಡಲ ಎದ್ದು ನಿಂತಿರುತ್ತಿತ್ತು. ಸರಿಯಾಗಿ ನೆತ್ತಿಯ ಮೇಲೆ ಮಖೆ, ಪೂರ್ವದಲ್ಲಿ ಕೆಂಪಗೆ ಸ್ವಾತಿ, ಆಗ್ನೇಯದಲ್ಲಿ ಬೆಳ್ಳಗೆ ಚಿತ್ತೆ. ಈ ಹೆಸರುಗಳನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ಮಳೆ ನಕ್ಷತ್ರದ ಲೆಕ್ಕ ಹಾಕುವ ಅಜ್ಜಿಗೆ ಅವು ನೆಂಟರ ಹೆಸರುಗಳಷ್ಟೇ ಪರಿಚಿತ.

ಈ ನಿಂತ ಚುಕ್ಕಿಗಳ ನಡುವೆ ಒಂದು ಚುಕ್ಕಿ ನಡೆಯಲು ಶುರು ಮಾಡುತ್ತಿತ್ತು. ಸದ್ದಿಲ್ಲ, ವಿಮಾನದ ಕೆಂಪು ಹಸಿರು ದೀಪವಿಲ್ಲ, ಉಲ್ಕೆಯ ಅವಸರವೂ ಇಲ್ಲ. ಪಡುವಣದಿಂದ ಎದ್ದು, ಗೊತ್ತಿರುವ ದಾರಿಯಲ್ಲಿ ಹೊಲಕ್ಕೆ ಹೊರಟ ರೈತನ ಹಾಗೆ, ಅತ್ತಿತ್ತ ನೋಡದೆ ಮೂಡಲಿಗೆ ಸಾಗುತ್ತಿತ್ತು. ಮೊದಲು ಕಂಡವರು “ಅಗೋ, ಚುಕ್ಕಿ ಹೊಂಟಿತು!” ಎಂದು ಕೂಗಬೇಕು. ಕಣದಲ್ಲಿದ್ದವರು ಎದ್ದು ಕೂರಬೇಕು. ಒಲೆಯ ಮುಂದಿದ್ದ ಅವ್ವ ಕೈ ಒರೆಸಿಕೊಳ್ಳುತ್ತಾ ಹೊಸ್ತಿಲು ದಾಟಿ ಬರಬೇಕು. ನಾಲ್ಕೈದು ನಿಮಿಷ ಊರಿಗೆ ಊರೇ ಒಂದೇ ಕಡೆ ಮುಖ ಮಾಡಿರುತ್ತಿತ್ತು. ಹಾಗೆ ಇಡೀ ಊರು ಒಂದೇ ಕಡೆ ನೋಡಿದ್ದನ್ನು ನಾನು ಆಮೇಲೆ ಕಂಡದ್ದು ಟೀವಿ ಬಂದಾಗ ಮಾತ್ರ. ಆಗ ಮುಖಗಳು ಕೆಳಗಿದ್ದವು.

ಈ ಚಟ ನಮಗಿಂತ ಒಂದು ತಲೆಮಾರು ಹಿಂದಿನದು. ನಮ್ಮ ದೊಡ್ಡಪ್ಪ ಸ್ಪುಟ್ನಿಕ್ ಕಾಲದವರು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ 58 ಸೆಂಟಿಮೀಟರ್ ಅಡ್ಡಳತೆಯ, 83.6 ಕಿಲೋ ತೂಕದ ಒಂದು ಲೋಹದ ಗುಂಡನ್ನು ಮೇಲಕ್ಕೆ ಕಳಿಸಿದಾಗ ಅವರು ಹಾಸನದಲ್ಲಿ ಹೈಸ್ಕೂಲು ಓದುತ್ತಿದ್ದರಂತೆ. ಅದರ “ಬೀಪ್ ಬೀಪ್” ಸದ್ದನ್ನು ರೇಡಿಯೋದಲ್ಲಿ ಕೇಳಿಸಿಕೊಂಡೆವೆಂದು ಹೇಳುವಾಗ ಎಪ್ಪತ್ತು ದಾಟಿದ ಅವರ ಮುಖದಲ್ಲೂ ಹುಡುಗತನ ಮರಳುತ್ತಿತ್ತು. ಆ ಗುಂಡು ಬರಿಗಣ್ಣಿಗೆ ಕಾಣುವುದು ಕಷ್ಟ. ಜಗತ್ತಿನಾದ್ಯಂತ ಜನ ಕಂಡದ್ದು ಬಹುಪಾಲು ಅದರ ಹಿಂದೆಯೇ ಸುತ್ತುತ್ತಿದ್ದ ರಾಕೆಟ್ಟಿನ ದೊಡ್ಡ ಭಾಗವನ್ನು. ಅದೇ ನವೆಂಬರ್ 3ರಂದು ಲೈಕಾ ಎಂಬ ನಾಯಿಯನ್ನು ಹೊತ್ತು ಎರಡನೆಯ ಸ್ಪುಟ್ನಿಕ್ ಹೋಯಿತು. ಅದು ತನ್ನ ರಾಕೆಟ್ಟಿಗೇ ಅಂಟಿಕೊಂಡಿದ್ದರಿಂದ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಲೈಕಾ ವಾಪಸ್ಸು ಬರುವುದಿಲ್ಲವೆಂದು ತಿಳಿದು ಹಾಸ್ಟೆಲಿನ ಹುಡುಗರು ಅತ್ತದ್ದನ್ನೂ ದೊಡ್ಡಪ್ಪ ಹೇಳುತ್ತಿದ್ದರು. ಆಕಾಶದ ಸುದ್ದಿಗೆ ಅಳುವಷ್ಟು ಆಕಾಶ ಹತ್ತಿರವಿದ್ದ ಕಾಲ ಅದು.

ಆ ದಿನಗಳಲ್ಲಿ ಹೊಸ ಉಪಗ್ರಹವನ್ನು ಹುಡುಕುವ ಕೆಲಸ ದೊಡ್ಡ ದೇಶಗಳ ಸರ್ಕಾರಗಳಿಗೂ ಸುಲಭವಿರಲಿಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ ಖಗೋಳ ವೀಕ್ಷಣಾಲಯದ ನಿರ್ದೇಶಕ ಫ್ರೆಡ್ ವಿಪಲ್ ಇದನ್ನು ಮುಂಚಿತವಾಗಿಯೇ ಊಹಿಸಿ, 1956ರಲ್ಲಿ ‘ಮೂನ್‌ವಾಚ್’ ಎಂಬ ಕಾರ್ಯಕ್ರಮ ಶುರು ಮಾಡಿದ್ದರು. ಶಾಲೆಯ ಮೇಷ್ಟ್ರು, ಕಾಲೇಜು ಹುಡುಗರು, ಗೃಹಿಣಿಯರು, ಅಂಗಡಿ ಇಟ್ಟವರು, ಹೀಗೆ ಸಂಬಳವಿಲ್ಲದ ಜನ ಸಾಲಾಗಿ ಬೆಂಚುಗಳ ಮೇಲೆ ಕುಳಿತು, ಒಬ್ಬೊಬ್ಬರು ಒಂದೊಂದು ಸಣ್ಣ ದೂರದರ್ಶಕಕ್ಕೆ ಕಣ್ಣಿಡುತ್ತಿದ್ದರು. ಆ ದೂರದರ್ಶಕದಲ್ಲಿ ಓರೆಯಾಗಿ ಕೂರಿಸಿದ ಕನ್ನಡಿ ಇರುತ್ತಿದ್ದುದರಿಂದ ಕತ್ತು ನೋಯದೆ ಕೆಳಗೆ ನೋಡುತ್ತಲೇ ಮೇಲಿನ ಆಕಾಶ ಕಾಣುತ್ತಿತ್ತು. ಪ್ರತಿಯೊಬ್ಬರಿಗೂ ಆಕಾಶದ ಒಂದು ತುಂಡು. ತುಂಡುಗಳೆಲ್ಲ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹಾಯ್ದು ಉತ್ತರದಿಂದ ದಕ್ಷಿಣದವರೆಗೆ ಬೇಲಿ ಹಾಕಿದಷ್ಟು ಭದ್ರ. ನಡುವೆ ನೆಟ್ಟ ಎತ್ತರದ ಕಂಬದ ರೇಖೆಯನ್ನು ಚುಕ್ಕಿ ದಾಟಿದ ಕ್ಷಣಕ್ಕೆ ಕಂಡವರು ಕೂಗಬೇಕು. ಶಾರ್ಟ್‌ವೇವ್ ರೇಡಿಯೋದ ಸಮಯಸೂಚಿಯೂ ಈ ಕೂಗೂ ಒಂದೇ ಟೇಪಿನಲ್ಲಿ ದಾಖಲಾಗುತ್ತಿತ್ತು. ಹಲವು ದೇಶಗಳಲ್ಲಿ ನೂರಕ್ಕೂ ಹೆಚ್ಚು ಇಂಥ ತಂಡಗಳಿದ್ದವು. ಅವರು ಹೇಳಿದ ಜಾಗ ಮತ್ತು ಸಮಯವನ್ನು ಹಿಡಿದು, ಬೇಕರ್-ನನ್ ಎಂಬ ದೊಡ್ಡ ಕ್ಯಾಮೆರಾಗಳು ಉಪಗ್ರಹದ ಚಿತ್ರ ತೆಗೆಯುತ್ತಿದ್ದವು. ಲೋಕದಲ್ಲಿ ಅಂಥ ಕೇಂದ್ರಗಳಿದ್ದದ್ದು ಹನ್ನೆರಡು. ಅದರಲ್ಲೊಂದು ನಮ್ಮ ನೈನಿತಾಲದಲ್ಲಿ.

ಈ ಜನರ ಕಣ್ಣಿಗೆ ಎಂಥ ಬೆಲೆ ಇತ್ತೆಂದರೆ, 1962ರ ಸೆಪ್ಟೆಂಬರ್‌ನಲ್ಲಿ ರಷ್ಯದ ಒಂದು ಹಳೆಯ ಉಪಗ್ರಹ ಉರಿಯುತ್ತಾ ಬಿದ್ದಾಗ, ಅಮೆರಿಕದ ಮಿಲ್ವಾಕಿಯ ಮೂನ್‌ವಾಚ್ ತಂಡ ಅದನ್ನು ಕಾದು ನೋಡಿ ದಾಖಲಿಸಿತು. ಅದರ ಸುಮಾರು ಒಂಬತ್ತು ಕಿಲೋ ತೂಕದ ತುಂಡು ಸಿಕ್ಕಿದ್ದು ಹತ್ತಿರದ ಮ್ಯಾನಿಟೊವಾಕ್ ಊರಿನ ನಡುರಸ್ತೆಯಲ್ಲಿ. ಇಂಗ್ಲೆಂಡಿನಲ್ಲಿ ಡೆಸ್ಮಂಡ್ ಕಿಂಗ್-ಹೀಲಿ ಎಂಬ ವಿಜ್ಞಾನಿ ಹವ್ಯಾಸಿಗಳು ಬೈನಾಕ್ಯುಲರ್ ಹಿಡಿದು ಗುರುತಿಸಿದ ಸಮಯಗಳನ್ನೂ ಸೇರಿಸಿಕೊಂಡು, ನಮ್ಮ ತಲೆಯ ಮೇಲೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಎಷ್ಟು ತೆಳುವಾಗಿದೆ ಎಂದು ಲೆಕ್ಕ ಹಾಕಿದರು. ಭೂಮಿ ಉತ್ತರ ಧ್ರುವದ ಕಡೆ ಒಂದಿಷ್ಟು ಉಬ್ಬಿ, ದಕ್ಷಿಣದ ಕಡೆ ಒಂದಿಷ್ಟು ತಗ್ಗಿದೆ ಎಂಬುದನ್ನು ಖಚಿತಪಡಿಸಿದವರಲ್ಲಿ ಅವರೂ ಒಬ್ಬರು. ಯಾರದೋ ಹಿತ್ತಲಲ್ಲಿ ನಿಂತ ಒಬ್ಬ ಸಾಮಾನ್ಯನ ಎರಡು ಕಣ್ಣು ಭೂಮಿಯ ಆಕಾರ ಹೇಳಲು ನೆರವಾಗುತ್ತಿದ್ದ ಕಾಲ ಎಂದರೆ ಇವತ್ತು ನಂಬುವವರು ಎಷ್ಟು ಮಂದಿ?

ಈ ಕಥೆಗಳನ್ನೆಲ್ಲ ನಮಗೆ ಹೇಳಿದವರು ನಮ್ಮ ಮಾಧ್ಯಮಿಕ ಶಾಲೆಯ ವಿಜ್ಞಾನದ ಮೇಷ್ಟ್ರು. ಮೂನ್‌ವಾಚ್ ಮುಚ್ಚಿದ್ದು 1975ರಲ್ಲಿ. ಅವರು ನಮ್ಮೂರಿಗೆ ಬರುವ ಹೊತ್ತಿಗೆ ಅದು ಮುಗಿದ ಅಧ್ಯಾಯ. ಆದರೂ ಅವರು ತಮ್ಮ ಪಾಡಿಗೆ ಅದನ್ನು ನಮ್ಮ ಶಾಲೆಯ ಅಂಗಳದಲ್ಲಿ ಮುಂದುವರಿಸಿದರು. ಪೇಪರಿನಲ್ಲಿ ಯಾವುದೋ ಮೂಲೆಯಲ್ಲಿ ‘ಸೋವಿಯತ್ ಒಕ್ಕೂಟದಿಂದ ಇನ್ನೊಂದು ಕಾಸ್ಮಾಸ್’ ಎಂದು ನಾಲ್ಕು ಸಾಲು ಬರುತ್ತಿತ್ತು. ರಷ್ಯದ ಸುದ್ದಿಸಂಸ್ಥೆ ಟಾಸ್ ಉಪಗ್ರಹ ಏಕೆ ಹಾರಿತೆಂದು ಬಾಯಿ ಬಿಡುತ್ತಿರಲಿಲ್ಲ, ಆದರೆ ಅದು ಒಂದು ಸುತ್ತಿಗೆ ಎಷ್ಟು ನಿಮಿಷ ತೆಗೆದುಕೊಳ್ಳುತ್ತದೆ, ಎಷ್ಟು ಎತ್ತರದಲ್ಲಿದೆ, ಸಮಭಾಜಕಕ್ಕೆ ಎಷ್ಟು ಓರೆಯಾಗಿದೆ ಎಂಬುದನ್ನು ತಪ್ಪದೆ ಹೇಳುತ್ತಿತ್ತು. ಮೇಷ್ಟ್ರಿಗೆ ಅಷ್ಟು ಸಾಕು. ಆ ತುಣುಕನ್ನು ಕತ್ತರಿಸಿ ಅಂಟಿಸಿ, ಮಾರನೆಯ ದಿನದ ಗಣಿತದ ಪೀರಿಯಡ್ಡಿಗೆ ಅದನ್ನೇ ಲೆಕ್ಕ ಕೊಡುತ್ತಿದ್ದರು.

“ಒಂದು ಸುತ್ತಿಗೆ 90 ನಿಮಿಷ. ಅಷ್ಟರಲ್ಲಿ ಭೂಮಿ ತನ್ನ ಸುತ್ತ ಎಷ್ಟು ತಿರುಗಿರುತ್ತೆ? ಹೇಳ್ರೋ.” ಗಂಟೆಗೆ 15 ಡಿಗ್ರಿ, ಒಂದೂವರೆ ಗಂಟೆಗೆ 22.5 ಡಿಗ್ರಿ. ಹಾಗಾಗಿ ಈ ಸುತ್ತಿನಲ್ಲಿ ನೆತ್ತಿಯ ಮೇಲೆ ಹೋದದ್ದು ಮುಂದಿನ ಸುತ್ತಿನಲ್ಲಿ ಅಷ್ಟು ಪಡುವಣಕ್ಕೆ ಸರಿದಿರುತ್ತದೆ. ಈ ಲೆಕ್ಕದ ಉತ್ತರ ಪುಸ್ತಕದ ಕೊನೆಯ ಪುಟದಲ್ಲಿರುತ್ತಿರಲಿಲ್ಲ; ಸಂಜೆ ಏಳೂವರೆಗೆ ಆಕಾಶದಲ್ಲಿರುತ್ತಿತ್ತು. ಸರಿಯಾದ ಉತ್ತರ ತಾನಾಗಿ ನಡೆದು ಬರುವ ಅಂಥ ಲೆಕ್ಕವನ್ನು ನಾನು ಆಮೇಲೆ ಯಾವ ಕಾಲೇಜಿನಲ್ಲೂ ಮಾಡಲಿಲ್ಲ.

ಸಂಜೆ ಮೇಷ್ಟ್ರು ಬರುವಾಗ ಕೈಯಲ್ಲಿ ಮೂರು ಸಾಮಾನು. ಆಟದ ಮೈದಾನದಲ್ಲಿ ಓಟದ ಸ್ಪರ್ಧೆಗೆ ಬಳಸುವ, ಕೀಲಿ ಕೊಡುವ ಸ್ಟಾಪ್‌ವಾಚ್. ಚರ್ಮದ ಚೀಲದ ಟ್ರಾನ್ಸಿಸ್ಟರ್. ರಟ್ಟು ಹಾಕಿದ ಉದ್ದನೆಯ ನೋಟ್‌ಬುಕ್. ಟಾರ್ಚಿನ ಬೆಳಕು ಕಣ್ಣಿಗೆ ಚುಚ್ಚದಿರಲೆಂದು ಅದರ ಗಾಜಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿರುತ್ತಿದ್ದರು. ಚುಕ್ಕಿ ಬಂದಾಗ ಯಾವುದಾದರೂ ಎರಡು ನಕ್ಷತ್ರಗಳನ್ನು ಆರಿಸಿಕೊಳ್ಳಬೇಕು. ಆ ಎರಡರ ನಡುವೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಬೇಕು. ಚುಕ್ಕಿ ಆ ಗೆರೆಯನ್ನು ದಾಟಿದ ಕ್ಷಣ “ಹ್ಞಾ!” ಎನ್ನಬೇಕು, ಮೇಷ್ಟ್ರ ಹೆಬ್ಬೆರಳು ಗುಂಡಿ ಒತ್ತುತ್ತಿತ್ತು. ಗೆರೆಯ ಯಾವ ಭಾಗದಲ್ಲಿ ದಾಟಿತು? ಅರ್ಧಕ್ಕೋ, ಮೂರನೇ ಒಂದಕ್ಕೋ? ಅದನ್ನೂ ಹೇಳಬೇಕು. ಆಮೇಲೆ ಟ್ರಾನ್ಸಿಸ್ಟರ್ ಕಿವಿಗೆ ಹಿಡಿದು ವಾರ್ತೆಗೆ ಮುಂಚೆ ಬರುವ ಆಕಾಶವಾಣಿಯ ‘ಪಿಪ್’ಗಳಿಗೆ ಕಾಯುತ್ತಿದ್ದರು. ಕೊನೆಯ ಪಿಪ್ಪಿಗೆ ಸ್ಟಾಪ್‌ವಾಚ್ ನಿಲ್ಲಿಸಿ, ಹಿಂದಕ್ಕೆ ಎಣಿಸಿದರೆ ಚುಕ್ಕಿ ಗೆರೆ ದಾಟಿದ ನಿಖರ ಸಮಯ ಸಿಗುತ್ತಿತ್ತು. ನೋಟ್‌ಬುಕ್ಕಿನಲ್ಲಿ ತಾರೀಕು, ಸಮಯ, ನಕ್ಷತ್ರಗಳು, ಕೊನೆಯ ಕಾಲಮ್ಮಿನಲ್ಲಿ ನೋಡಿದ ಹುಡುಗನ ಹೆಸರು. ಆ ಕೊನೆಯ ಕಾಲಮ್ಮಿನಲ್ಲಿ ಹೆಸರು ಬರಲೆಂದು ನಾವು ಜಗಳವಾಡುತ್ತಿದ್ದೆವು.

ಕೆಲವು ವಾರ ಹಿಡಿದು ಬರೆದರೆ ಆ ಪುಟಗಳೇ ಮಾತಾಡತೊಡಗುತ್ತಿದ್ದವು. ಕೆಳಗಿನ ಕಕ್ಷೆಯ ಉಪಗ್ರಹ ದಿನ ಕಳೆದಂತೆ ಲೆಕ್ಕಕ್ಕಿಂತ ಮುಂಚೆಯೇ ಬರುತ್ತಿತ್ತು. ಮೇಲಿನ ತೆಳು ಗಾಳಿ ಅದನ್ನು ತಡೆಯುತ್ತದೆ, ಅದು ಕೆಳಕ್ಕಿಳಿಯುತ್ತದೆ, ಇಳಿದಷ್ಟೂ ಅದರ ಸುತ್ತು ಚಿಕ್ಕದಾಗಿ ವೇಗ ಹೆಚ್ಚುತ್ತದೆ. “ಅದರ ಆಯಸ್ಸು ಕರಗ್ತಾ ಇದೆ” ಎಂದು ಮೇಷ್ಟ್ರು ಹೇಳಿದಾಗ ಅಂಗಳದಲ್ಲಿ ಒಂದು ಕ್ಷಣ ಮೌನ. ಆಮೇಲೊಂದು ಸಂಜೆ ಆ ಚುಕ್ಕಿ ಬರುತ್ತಿರಲಿಲ್ಲ. ಆ ಪುಟಕ್ಕೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಬೀಳುತ್ತಿತ್ತು.

ಅಜ್ಜಿಗೆ ಈ ಲೆಕ್ಕಗಳಲ್ಲಿ ಆಸಕ್ತಿ ಇರಲಿಲ್ಲ, ಚುಕ್ಕಿಯಲ್ಲಿತ್ತು. ಒಮ್ಮೆ ಅದು ಸ್ವಾತಿಯ ಕಡೆ ಹೋಗುತ್ತಾ ಹೋಗುತ್ತಾ, ಮೋಡವಿಲ್ಲದ ಬಯಲು ಆಕಾಶದ ನಡುವೆಯೇ ಮಂಕಾಗಿ ಇಲ್ಲವಾಯಿತು. “ಎಲ್ಲಿಗ್ ಹೋಯ್ತಪ್ಪಾ ಮೇಷ್ಟ್ರೇ ಅದು?” ಎಂದಳು ಅಜ್ಜಿ. “ಭೂಮಿ ನೆರಳಿಗೆ ಹೋಯ್ತು ಕಣಮ್ಮಾ. ನಮಗೆ ಇಲ್ಲಿ ಸೂರ್ಯ ಮುಳುಗಿದ್ರೂ ಅಷ್ಟು ಎತ್ತರದಲ್ಲಿ ಅದಕ್ಕಿನ್ನೂ ಬಿಸಿಲು ಇತ್ತು. ಈಗ ಅದಕ್ಕೂ ಮುಳುಗ್ತು.” ಸಂಜೆ ಕತ್ತಲಾದ ಒಂದೆರಡು ಗಂಟೆ, ಬೆಳಗಿನ ಜಾವ ಒಂದೆರಡು ಗಂಟೆ ಮಾತ್ರ ಅವು ಕಾಣುವುದು ಇದಕ್ಕೇ. ಭೂಮಿಯ ನೆರಳು ಆಕಾಶದಲ್ಲಿ ಎಲ್ಲಿ ಬೀಳುತ್ತದೆ ಎಂಬುದನ್ನು ನಾವು ಹೀಗೆ ಕಣ್ಣಾರೆ ಕಂಡೆವು. ಈಗಿನ ಪಠ್ಯಪುಸ್ತಕದಲ್ಲಿ ಅದಕ್ಕೆ ಬಣ್ಣಬಣ್ಣದ ಚಿತ್ರವಿದೆ. ಚಿತ್ರ ನೋಡಿದ ಮಗು ಅಂಕ ಪಡೆಯುತ್ತದೆ, ನಿಜ. ಆದರೆ ನೆರಳನ್ನು ನೋಡಿದ ಮಗುವಿಗೆ ಸಿಗುವುದೇ ಬೇರೆ.

1975ರ ಏಪ್ರಿಲ್ 19ರಂದು ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ಹಾರಿತು. ಹಾರಿದ್ದು ರಷ್ಯದ ನೆಲದಿಂದಾದರೂ ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಕಟ್ಟಿಸಿದವರು ನಮ್ಮ ಉಡುಪಿ ಕಡೆಯ ಅದಮಾರಿನ ಯು. ಆರ್. ರಾವ್. ಆ ಹೆಮ್ಮೆ ಎಷ್ಟಿತ್ತೆಂದರೆ ಆಮೇಲೆ ನಮ್ಮೂರಲ್ಲಿ ಯಾವ ಚುಕ್ಕಿ ನಡೆದರೂ ಅದಕ್ಕೆ ಆರ್ಯಭಟ ಎಂದೇ ಹೆಸರು. 360 ಕಿಲೋದ ಆ ಪುಟ್ಟ ಉಪಗ್ರಹ ಬರಿಗಣ್ಣಿಗೆ ಸುಲಭವಾಗಿ ದಕ್ಕುವಂಥದ್ದಲ್ಲ, ನಾವು ಕಾಣುವವು ಹೆಚ್ಚಾಗಿ ಇಂಧನ ಮುಗಿದು ಸುತ್ತುತ್ತಿರುವ ರಾಕೆಟ್ಟುಗಳು ಎಂದು ಮೇಷ್ಟ್ರು ತಿಳಿಸಿ ಹೇಳಿದರು. ಊರಿನವರು ಕೇಳಿಸಿಕೊಂಡರು, ಆದರೆ ಹೆಸರು ಬಿಡಲಿಲ್ಲ. ಎರಡು ರೂಪಾಯಿ ನೋಟಿನ ಮೇಲೆ ಆರ್ಯಭಟನ ಚಿತ್ರ ಬಂದಾಗ ಅಜ್ಜಿ ಒಂದು ನೋಟನ್ನು ಮಡಿಸಿ ದೇವರ ಗೂಡಿನಲ್ಲಿಟ್ಟಳು. ತೀರಿಕೊಳ್ಳುವವರೆಗೂ ಅದನ್ನು ಖರ್ಚು ಮಾಡಲಿಲ್ಲ.

ಆಕಾಶ ಹೆದರಿಸಿದ ದಿನಗಳೂ ಇದ್ದವು. 1979ರ ಜುಲೈನಲ್ಲಿ ಅಮೆರಿಕದ ಸ್ಕೈಲ್ಯಾಬ್ ಬೀಳುತ್ತದೆಂಬ ಸುದ್ದಿ ಹಬ್ಬಿದಾಗ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಹಜಾಮರ ಅಂಗಡಿಯಲ್ಲಿ ಅದೊಂದೇ ಮಾತು. ಹೇಗೂ ಸಾಯುತ್ತೇವೆ, ತಿಂದಾದರೂ ಸಾಯೋಣ ಎಂದು ಇದ್ದ ಕೋಳಿ ಕುರಿಗಳನ್ನೆಲ್ಲ ಕೊಯ್ದು ಊಟ ಮಾಡಿದವರ ಕಥೆಗಳು ಇವತ್ತಿಗೂ ಹಳ್ಳಿಗಳಲ್ಲಿ ಉಳಿದಿವೆ. ಜುಲೈ 11ರಂದು ಅದು ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಸುತ್ತಮುತ್ತ ಚೂರುಚೂರಾಗಿ ಬಿತ್ತು. ಅಂದು ಭಯಪಟ್ಟ ನಮ್ಮ ಜನರನ್ನು ನೆನೆದು ಈಗ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ತಲೆಯ ಮೇಲೆ ಏನು ಹೋಗುತ್ತಿದೆ ಎಂದು ತಿಳಿದಿದ್ದ, ಅದು ತಮ್ಮದೂ ಸಂಗತಿ ಎಂದುಕೊಂಡಿದ್ದ ಜನ ಅವರು. ಈಗ ಹಳೆಯ ಉಪಗ್ರಹಗಳು ಮೇಲಿಂದ ಮೇಲೆ ಉರಿದು ಬೀಳುತ್ತವೆ. ನಮ್ಮಲ್ಲಿ ಹೆದರುವಷ್ಟೂ ತಿಳಿವಳಿಕೆ ಉಳಿದಿಲ್ಲ.

1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಸಾಲ್ಯೂಟ್-7 ನಿಲ್ದಾಣಕ್ಕೆ ಹೋದಾಗ ನಾನು ಪಿಯುಸಿ. ಮೇಲೆ ಹೋಗುವ ಚುಕ್ಕಿಯೊಂದರಲ್ಲಿ ನಮ್ಮವನೊಬ್ಬ ಕೂತಿದ್ದಾನೆಂಬ ಆ ವಾರದ ಭಾವನೆಯನ್ನು ಬರೆದು ತೋರಿಸುವುದು ಕಷ್ಟ. ಪರೀಕ್ಷೆ ಮುಗಿದು ಊರಿಗೆ ಬಂದಿದ್ದ ನಾವು ಸಂಜೆಯೂ ಕಣದಲ್ಲಿ, ಬೆಳಗಿನ ಜಾವವೂ ಕಣದಲ್ಲಿ. ಮೇಷ್ಟ್ರಿಗೆ ಅಷ್ಟರಲ್ಲಿ ವರ್ಗವಾಗಿತ್ತು, ಆದರೂ ಆ ವಾರ ಅವರದೊಂದು ಇನ್‌ಲ್ಯಾಂಡ್ ಪತ್ರ ಬಂತು. ನೋಡಬೇಕಾದ ದಿಕ್ಕುಗಳನ್ನೂ ವೇಳೆಗಳನ್ನೂ ಬರೆದಿದ್ದರು. ಕೆಳಗೆ, ಇಂಗ್ಲೆಂಡಿನ ಕೆಟರಿಂಗ್ ಶಾಲೆಯ ಹುಡುಗರನ್ನು ಮರೆಯಬೇಡಿ ಎಂದಿತ್ತು. ಆ ಶಾಲೆಯ ಭೌತಶಾಸ್ತ್ರದ ಮೇಷ್ಟ್ರು ಜೆಫ್ರಿ ಪೆರ್ರಿ ತಮ್ಮ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಒಂದು ಸಾಧಾರಣ ರೇಡಿಯೋದಲ್ಲಿ ರಷ್ಯದ ಉಪಗ್ರಹಗಳ ಸಂಕೇತ ಕೇಳಿಸಿಕೊಳ್ಳುತ್ತಿದ್ದರು. 1966ರಲ್ಲಿ ಎರಡು ಹೊಸ ಕಾಸ್ಮಾಸ್‌ಗಳ ದಾರಿಯನ್ನು ಹಿಂದಕ್ಕೆ ಎಳೆದು ನೋಡಿದಾಗ ಅವು ಹೊರಟದ್ದು ಯಾರೂ ಕೇಳರಿಯದ ಜಾಗದಿಂದ ಎಂದು ಗೊತ್ತಾಯಿತು. ಪ್ಲೆಸೆಟ್ಸ್ಕ್ ಎಂಬ ಆ ಗುಟ್ಟಿನ ಉಡಾವಣಾ ಕೇಂದ್ರವನ್ನು ಲೋಕಕ್ಕೆ ಹೇಳಿದ್ದು ಒಂದು ಹೈಸ್ಕೂಲು. ಸೋವಿಯತ್ ಸರ್ಕಾರ ಅದನ್ನು ಒಪ್ಪಿಕೊಂಡದ್ದು 1983ರಲ್ಲಿ. ಹಳ್ಳಿಯ ಹುಡುಗರಾದ ನಮಗೆ ಈ ಕಥೆ ಕೊಟ್ಟ ಧೈರ್ಯ ಅಷ್ಟಿಷ್ಟಲ್ಲ.

ಕೆಲಸ ಹಿಡಿದು ಬೆಂಗಳೂರಿಗೆ ಬಂದ ಮೇಲೂ ತಾರಸಿಯೊಂದು ಉಳಿದಿತ್ತು. 1997ರಿಂದ ಹಾರತೊಡಗಿದ ಇರಿಡಿಯಂ ಉಪಗ್ರಹಗಳು ನಮ್ಮ ಪೀಳಿಗೆಗೆ ಸಿಕ್ಕ ಕೊನೆಯ ಉಡುಗೊರೆ. ದೂರವಾಣಿಗೆಂದು ಮಾಡಿದ ಅವುಗಳಿಗೆ ಆಳೆತ್ತರದ, ಕನ್ನಡಿಯಷ್ಟು ನುಣುಪಾದ ಮೂರು ಆಂಟೆನಾ ಫಲಕಗಳಿದ್ದವು. ಸೂರ್ಯನ ಬೆಳಕು ಆ ಫಲಕಕ್ಕೆ ಬಡಿದು ಸರಿಯಾಗಿ ನಮ್ಮ ಬೀದಿಯ ಮೇಲೆ ಬಿದ್ದರೆ, ಮಂಕು ಚುಕ್ಕಿಯೊಂದು ನೋಡನೋಡುತ್ತಿದ್ದಂತೆ ಶುಕ್ರನನ್ನೂ ಮೀರಿಸಿ ಧಗ್ಗನೆ ಬೆಳಗಿ, ಕೆಲವೇ ಸೆಕೆಂಡುಗಳಲ್ಲಿ ಆರಿಹೋಗುತ್ತಿತ್ತು. ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ಎಂದು ಸೆಕೆಂಡಿನ ಲೆಕ್ಕದಲ್ಲಿ ಮುಂಚೆಯೇ ತಿಳಿಯುತ್ತಿತ್ತು. ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆದ ಹಾಳೆ ಹಿಡಿದು ಅಕ್ಕಪಕ್ಕದ ಮನೆಯವರನ್ನೆಲ್ಲ ತಾರಸಿಗೆ ಕರೆಯುತ್ತಿದ್ದೆ. “ಇನ್ನು ಹತ್ತು ಸೆಕೆಂಡು” ಎನ್ನುವಾಗ ಗೇಟಿನ ಕಾವಲುಗಾರನೂ ಮೇಲೆ ನೋಡುತ್ತಿದ್ದ. ಹೊಸ ಪೀಳಿಗೆಯ ಇರಿಡಿಯಂ ಉಪಗ್ರಹಗಳಲ್ಲಿ ಆ ಫಲಕಗಳಿಲ್ಲ. ಹಳೆಯವನ್ನು ಒಂದೊಂದಾಗಿ ಕೆಳಗಿಳಿಸಿ ಸುಟ್ಟರು. 2019ರ ಹೊತ್ತಿಗೆ ಆ ಮಿಂಚು ಹೆಚ್ಚುಕಡಿಮೆ ಮುಗಿದುಹೋಯಿತು. ಒಂದು ಜಾತಿಯ ಹಕ್ಕಿ ಕಣ್ಮರೆಯಾದರೆ ಯಾರಾದರೂ ಬರೆಯುತ್ತಾರೆ. ಆಕಾಶದ ಒಂದು ನೋಟ ಕಣ್ಮರೆಯಾದದ್ದನ್ನು ನೆನೆದವರು ಕಡಿಮೆ.

ಅದೇ 2019ರ ಮೇ ತಿಂಗಳಲ್ಲಿ ಇನ್ನೊಂದು ಯುಗ ಶುರುವಾಯಿತು. ಸ್ಟಾರ್‌ಲಿಂಕ್‌ನ ಮೊದಲ 60 ಉಪಗ್ರಹಗಳು ಒಟ್ಟಿಗೇ ಹಾರಿದವು. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಮಾರ್ಕೊ ಲ್ಯಾಂಗ್‌ಬ್ರೂಕ್ ಎಂಬ ಅನುಭವಿ ವೀಕ್ಷಕರು ಅವು ಒಂದರ ಹಿಂದೊಂದು ಸಾಲಾಗಿ ಹೋಗುವುದನ್ನು ಚಿತ್ರಿಸಿದಾಗ ಲೋಕವೆಲ್ಲ ಬೆರಗಾಯಿತು. ಮೊದಲ ಸಲ ನೋಡಿದಾಗ ನನಗೂ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ? ಆದರೆ ಆ ಬೆರಗು ತಿಂಗಳುಗಳಲ್ಲೇ ಸವೆಯಿತು. ಈಗ ಅವು ಸಾವಿರಗಟ್ಟಲೆ ಇವೆ. ಕೆಲವೇ ದಿನಗಳಿಗೊಮ್ಮೆ ಇನ್ನೊಂದು ಕಂತು ಹೋಗುತ್ತದೆ. ನಮ್ಮ ಇಸ್ರೋ ಕೂಡ 2017ರ ಫೆಬ್ರವರಿ 15ರಂದು ಒಂದೇ ರಾಕೆಟ್ಟಿನಲ್ಲಿ 104 ಉಪಗ್ರಹಗಳನ್ನು ಹಾರಿಸಿ ದಾಖಲೆ ಮಾಡಿತು. ಎದೆಯುಬ್ಬಿಸುವ ಸಾಧನೆಯೇ. ಆದರೆ ಆ 104ರಲ್ಲಿ ನಮ್ಮ ಓಣಿಯ ಮಕ್ಕಳಿಗೆ ಹೆಸರು ಗೊತ್ತಿರುವುದು ಎಷ್ಟಕ್ಕೆ? ಒಂದು ಆರ್ಯಭಟನಿಗೆ ಅಜ್ಜಿಯ ದೇವರ ಗೂಡಿನಲ್ಲಿ ಜಾಗವಿತ್ತು. ಸಾವಿರವಾದ ಮೇಲೆ ಯಾವುದಕ್ಕೂ ಜಾಗವಿಲ್ಲ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಕಣದ ಜಾಗದಲ್ಲಿ ಆರ್‌ಸಿಸಿ ಮನೆ ಎದ್ದಿದೆ. ಬೀದಿಯ ಎಲ್ಲ ಕಂಬಕ್ಕೂ ಬಿಳಿ ಎಲ್‌ಇಡಿ, ಇರುಳಿಡೀ ಉರಿಯುತ್ತದೆ. ಹೆಣ್ಣುಮಕ್ಕಳು ಹೆದರದೆ ಓಡಾಡುತ್ತಾರೆ, ಹಾವು ಚೇಳಿನ ಭಯ ಕಡಿಮೆಯಾಗಿದೆ. ಇದಕ್ಕೆ ನಾನು ಮುಖ ಗಂಟಿಕ್ಕಿದರೆ ತಪ್ಪಾಗುತ್ತದೆ. ಆದರೆ ಆ ದೀಪಗಳಿಗೆ ಮೇಲೊಂದು ಮರೆ ಇಲ್ಲ, ಅರ್ಧ ಬೆಳಕು ಆಕಾಶಕ್ಕೇ ಹೋಗುತ್ತದೆ. ಎಂಟು ಗಂಟೆಗೆ ಅಂಗಳದಲ್ಲಿ ನಿಂತೆ. ಸಪ್ತರ್ಷಿಗಳಲ್ಲಿ ನಾಲ್ವರು ಕಂಡರು. ತಮ್ಮನ ಮಗ ಮೊಬೈಲ್ ಎತ್ತಿ ಹಿಡಿದು, “ದೊಡ್ಡಪ್ಪ, ಈಗ ಹನ್ನೊಂದು ಸ್ಯಾಟಲೈಟ್ ಇದಾವೆ ನೋಡಿ ನಮ್ಮ ತಲೆ ಮೇಲೆ” ಎಂದು ಆ್ಯಪ್ ತೋರಿಸಿದ. ಹೆಸರು, ಎತ್ತರ, ವೇಗ ಎಲ್ಲವೂ ತೆರೆಯ ಮೇಲಿತ್ತು. ನಮ್ಮ ಮೇಷ್ಟ್ರು ವಾರಗಟ್ಟಲೆ ಬೆವರಿ ತೆಗೆಯುತ್ತಿದ್ದ ಉತ್ತರ ಅವನ ಅಂಗೈಯಲ್ಲಿ ಪುಕ್ಕಟೆ. ಅವನು ಒಮ್ಮೆಯೂ ಮೇಲೆ ನೋಡಲಿಲ್ಲ.

ಅವನನ್ನು ದೂರುವುದು ನ್ಯಾಯವಲ್ಲ. ಅವನಿಗೆ ಆಕಾಶ ತೋರಿಸಬೇಕಾದ ನಾವೇ ಅಂಗಳದ ದೀಪ ಹಾಕಿಕೊಂಡು ಒಳಗೆ ಧಾರಾವಾಹಿ ನೋಡುತ್ತಾ ಕುಳಿತೆವು. ಉಪಗ್ರಹಗಳು ಕೊಟ್ಟದ್ದನ್ನು ಮರೆಯುವಂತೆಯೂ ಇಲ್ಲ. ಹಾಸನದ ಸಾಲಗಾಮೆ ರಸ್ತೆಯ ದೊಡ್ಡ ಡಿಶ್‌ಗಳು 1980ರ ದಶಕದಿಂದ ನಮ್ಮ ಇನ್ಸಾಟ್‌ಗಳನ್ನು ಕಾಯುತ್ತಿವೆ. ಅವುಗಳಿಂದಲೇ ಮಲ್ಪೆಯ ಮೀನುಗಾರರಿಗೆ ಬಿರುಗಾಳಿಯ ಮುನ್ಸೂಚನೆ ಬರುತ್ತದೆ. ಅಜ್ಜಿಯ ಮಳೆ ಲೆಕ್ಕ ತಪ್ಪಿದ ವರ್ಷ ನಮ್ಮ ಮನೆಯವರು ಪಟ್ಟ ಪಾಡು ನನಗೆ ನೆನಪಿದೆ. ಹಾಗಾಗಿ ಆ ಕಾಲವೇ ವಾಪಸ್ಸು ಬರಲಿ ಎಂದು ನಾನು ಕೇಳುವುದಿಲ್ಲ. ನನ್ನ ಕೊರಗು ಬೇರೆ. ಆಕಾಶಯುಗ ಶುರುವಾದಾಗ ಅದರಲ್ಲಿ ಸಾಮಾನ್ಯ ಜನರಿಗೊಂದು ಪಾಲಿತ್ತು. ಮೇಷ್ಟ್ರಿಗೆ, ಗೃಹಿಣಿಗೆ, ಹಳ್ಳಿಯ ಹುಡುಗನಿಗೆ ನೋಡುವ ಕೆಲಸವಿತ್ತು, ನೋಡಿದ್ದಕ್ಕೆ ಬೆಲೆಯಿತ್ತು. ಈಗ ನಾವು ಬರೀ ಗಿರಾಕಿಗಳು. ಗಿರಾಕಿ ತಿಂಗಳ ಹಣ ಕಟ್ಟಿದರೆ ಸಾಕು, ಕತ್ತೆತ್ತಬೇಕಿಲ್ಲ.

ಆ ಪಾಲು ಪೂರ್ತಿ ಮುಗಿದಿಲ್ಲ ಎಂಬುದೇ ಸಮಾಧಾನ. 2018ರ ಜನವರಿಯಲ್ಲಿ ಕೆನಡಾದ ಸ್ಕಾಟ್ ಟಿಲ್ಲಿ ಎಂಬ ಹವ್ಯಾಸಿ, ಆಗಷ್ಟೇ ಹಾರಿದ್ದ ಗುಟ್ಟಿನ ಉಪಗ್ರಹವೊಂದನ್ನು ಹುಡುಕುತ್ತಾ ಮನೆಯಲ್ಲೇ ರೇಡಿಯೋ ಹಿಡಿದು ಕೂತಿದ್ದರು. ಅವರಿಗೆ ಸಿಕ್ಕಿದ್ದು 2005ರಲ್ಲಿ ಮಾತು ನಿಲ್ಲಿಸಿದ್ದ, ನಾಸಾ ಕೈಬಿಟ್ಟಿದ್ದ ‘ಇಮೇಜ್’ ಎಂಬ ಉಪಗ್ರಹದ ದನಿ. ಅದು ಬದುಕಿದೆ ಎಂದು ಅದನ್ನು ಹಾರಿಸಿದವರಿಗೇ ಅವರು ತಿಳಿಸಬೇಕಾಯಿತು. ನಮ್ಮ ದೇಶದಲ್ಲೂ ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರ ವೀಕ್ಷಣಾಲಯದ ಸುತ್ತ, ಕತ್ತಲನ್ನು ಕಾಪಾಡುವ ಪ್ರದೇಶವೊಂದನ್ನು 2022ರಲ್ಲಿ ಘೋಷಿಸಿದರು. ಅಲ್ಲಿನ ಹಳ್ಳಿಯವರು ದೀಪಗಳಿಗೆ ಮರೆ ಕಟ್ಟಿ, ಬಂದವರಿಗೆ ಆಕಾಶ ತೋರಿಸುತ್ತಾರೆ. ಹಾನ್ಲೆಯ ಜನಕ್ಕೆ ಆಗುವುದು ಅರಸೀಕೆರೆಯವರಿಗೆ, ಕೊಪ್ಪಳದವರಿಗೆ, ಚಾಮರಾಜನಗರದವರಿಗೆ ಆಗದ ಮಾತೇನಲ್ಲ.

ಪಂಚಾಯಿತಿಯವರು ಹೊಸ ಬೀದಿದೀಪ ಹಾಕುವಾಗ ಬೆಳಕು ನೆಲಕ್ಕೆ ಬೀಳುವ ಹಾಗೆ ಮೇಲೊಂದು ತಗಡಿನ ಮರೆ ಹಾಕಿಸಲಿ, ಖರ್ಚು ದೊಡ್ಡದಲ್ಲ. ಶಾಲೆಯ ಮೇಷ್ಟ್ರುಗಳು ವಿಜ್ಞಾನದ ಒಂದು ಪಾಠವನ್ನಾದರೂ ಸಂಜೆ ಏಳೂವರೆಗೆ ಮೈದಾನದಲ್ಲಿ ಮಾಡಲಿ. ನಿಮ್ಮ ಮನೆಯಲ್ಲಿ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ, ಮೊಬೈಲಿನಲ್ಲೇ ವೇಳೆ ನೋಡಿಕೊಳ್ಳಿ, ಅದಕ್ಕೆ ನನ್ನ ತಕರಾರಿಲ್ಲ. ಆಮೇಲೆ ಅದನ್ನು ಜೇಬಿಗಿಟ್ಟು, ಅಂಗಳದ ದೀಪ ಆರಿಸಿ, ಅವರನ್ನು ಹೊರಗೆ ಕರೆದುಕೊಂಡು ಬನ್ನಿ. ಚುಕ್ಕಿ ಯಾವ ಎರಡು ನಕ್ಷತ್ರಗಳ ನಡುವೆ, ಎಷ್ಟು ಗಂಟೆಗೆ ದಾಟಿತು ಎಂದು ಅವರಿಂದಲೇ ಬರೆಸಿ. ಪಕ್ಕದಲ್ಲಿ ಅವರ ಹೆಸರನ್ನೂ ಬರೆಯಲು ಹೇಳಿ.